ಒಂಬತ್ತನೇ ಕಂಬದ ಸೊನ್ನೆ

ಮಚ್ಚು ನನ್ನ ಕುತ್ತಿಗೆಯಿಂದ ಎರಡೇ ಬೆರಳು ದೂರದಲ್ಲಿತ್ತು!

"ಡಬ್ಬಿ ಎಲ್ಲೈತಲೇ?"

ಚಂದ್ರವಳ್ಳಿಯ ಗುಹೆ. ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲೆ. ಟಾರ್ಚಿನ ಬೆಳಕಿನಲ್ಲಿ ಮಚ್ಚಿನ ಅಂಚು ಮತ್ತು ಅದನ್ನು ಹಿಡಿದವನ ಮೀಸೆ ಮಾತ್ರ ಕಾಣುತ್ತಿತ್ತು.

ಮೀಸೆ ನನಗೆ ಪರಿಚಯದ್ದೇ. ಹಿರಿಯೂರಿನ ಜೀಪ್ ಡ್ರೈವರ್ ಬೀರಪ್ಪ. ಹೋದ ದೀಪಾವಳಿಗೆ ಅವನ ರೇಡಿಯೋ ರಿಪೇರಿ ಮಾಡಿಕೊಟ್ಟವನು ನಾನು. ಈ ಕಾಲದಲ್ಲಿ ಗಿರಾಕಿಗಳಿಗೆ ನಿಯತ್ತೇ ಇಲ್ಲ ಸ್ವಾಮಿ!

"ಯಾವ ಡಬ್ಬಿ ಬೀರಪ್ಪಾ?"

ಹೊಟ್ಟೆಗೆ ಒಂದು ಗುದ್ದು ಬಿತ್ತು. ಬೆಳಗ್ಗೆ ತಿಂದ ಮಂಡಕ್ಕಿ ಮೆಣಸಿನಕಾಯಿ ಗಂಟಲಿಗೆ ಬಂತು.

ಟಾರ್ಚ್ ಹಿಡಿದಿದ್ದವನು ಮುಂದೆ ಬಂದ. ಬೂದುಬಣ್ಣದ ಸಫಾರಿ ಸೂಟು. ಗುಹೆಯೊಳಗೂ ಕೂಲಿಂಗ್ ಗ್ಲಾಸು! ಬೆಂಗಳೂರಿನ ಕಂಪ್ಯೂಟರ್ ಏಜೆನ್ಸಿಯವನು. ಅವನಿಗೂ ಒಂದು ಹೆಸರಿತ್ತು. ನಾನು ಮೊದಲ ದಿನದಿಂದ ಸಫಾರಿ ಎಂದೇ ಕರೆದದ್ದು.

"ಮಿಸ್ಟರ್ ಚಿತ್ತಯ್ಯ, ಕೋಆಪರೇಟ್ ಮಾಡಿ. ನನಗೆ ಟೈಮಿಲ್ಲ."

"ಕನ್ನಡಕ ತೆಗೀರಿ ಸಾರ್. ಎಡವಿ ಬಿದ್ದೀರಿ!"

ಇನ್ನೊಂದು ಗುದ್ದು. ಈ ಸಲ ನನ್ನ ಅಂಗಿ ಹರಿಯಿತು. ಅಂಗಿಯೊಳಗಿದ್ದ ಹಾಲಿನ ಪುಡಿ ಡಬ್ಬಿ ಠಣ್ ಎಂದು ಬಂಡೆಯ ಮೇಲೆ ಬಿತ್ತು.

ಸಫಾರಿ ಮುಚ್ಚಳ ತೆಗೆದ. ಒಳಗೆ ಒಂದಿಂಚು ಅಗಲದ ಪೇಪರ್ ಟೇಪಿನ ಸುರುಳಿ. ಉದ್ದಕ್ಕೂ ಸಣ್ಣ ಸಣ್ಣ ತೂತು. ಅವನು ಸುರುಳಿಯ ತುದಿಯನ್ನು ಟಾರ್ಚಿಗೆ ಹಿಡಿದ. ತುದಿ ಓರೆಯಾಗಿ ಕತ್ತರಿಸಿತ್ತು. ಪಕ್ಕದಲ್ಲಿ ಒಂದು ಕಚ್ಚು.

"ಇದೇ! ಇವರಪ್ಪನ ಮಂದೇಲಿ ಕುರಿ ಕಿವಿಗೆ ಹಾಕೋ ಗುರುತು. ತನ್ನ ಟೇಪಿಗೂ ಅದೇ ಹಾಕ್ತಾನೆ ಅಂತ ವಿಚಾರಿಸಿಕೊಂಡೇ ಬಂದಿದೀನಿ."

ಲೈಟರ್ ಹಚ್ಚಿದ.

"ಬೇಡ ಸಾರ್! ಇರೋದು ಅದೊಂದೇ ಕಾಪಿ! ನಿಮ್ಮ ಕಾಲಿಗೆ ಬೀಳ್ತೀನಿ!"

ಅತ್ತೆ. ಗೋಳೋ ಎಂದು ಅತ್ತೆ. ಬೀರಪ್ಪನೇ ಮುಖ ತಿರುಗಿಸಿಕೊಂಡ ನೋಡಿ, ಅಷ್ಟು ಚೆನ್ನಾಗಿ ಅತ್ತೆ. ಟೇಪು ಚಟಚಟ ಉರಿದು ಬೂದಿಯಾಯಿತು.

ಹೊರಗೆ ನಿಂತಿದ್ದ ನನ್ನ ಜಾವಾ ಬೈಕಿನ ಸ್ಪಾರ್ಕ್ ಪ್ಲಗ್ ಕಿತ್ತು ಕೆರೆಗೆ ಎಸೆದರು.

"ನಾಲ್ಕು ಗಂಟೆವರೆಗೆ ಇಲ್ಲೇ ಇತಿಹಾಸ ನೋಡ್ತಾ ಕೂತಿರಿ," ಎಂದ ಸಫಾರಿ. ಜೀಪು ಹೊರಟಿತು.

ನಾನು ಕಣ್ಣೊರೆಸಿಕೊಂಡೆ. ವಾಚ್ ನೋಡಿದೆ. ಒಂದೂವರೆ.

ಜೇಬಿನಿಂದ ಇನ್ನೊಂದು ಪ್ಲಗ್ ತೆಗೆದೆ. ರಿಪೇರಿಯವನ ಜೇಬಿನಲ್ಲಿ ಯಾವಾಗಲೂ ಇನ್ನೊಂದು ಇರುತ್ತದೆ ಎನ್ನುವುದು ಸಫಾರಿ ಹಾಕಿದವನಿಗೆ ಹೊಳೆಯಲಿಲ್ಲ!

ಸುಟ್ಟದ್ದು ಏನು ಎಂದು ಆಮೇಲೆ ಹೇಳುತ್ತೇನೆ. ಸುಡಬೇಕಾದ್ದನ್ನಂತೂ ಅವನು ಸುಟ್ಟಿರಲಿಲ್ಲ.

ನಾನು ಯಾರು ಎಂದು ಹೇಳಲೇ ಇಲ್ಲ ಅಲ್ಲವೇ... ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಎದುರು ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಹೊಸದುರ್ಗದಿಂದ ಬಿ.ದುರ್ಗದವರೆಗೆ ಯಾವ ಸೆಟ್ಟು ಗೊರಗೊರ ಎಂದರೂ ನನಗೇ ಬುಲಾವು. ಅದು ಹೊಟ್ಟೆಪಾಡು. ನನ್ನ ನಿಜವಾದ ಕೆಲಸ ಬೇರೆ.

ಹಿರೇಗುಂಟನೂರಿನ ಆಚೆ ಕರೇಕಲ್ಲು ಗುಡ್ಡ. ಅಲ್ಲಿ ತಾಮ್ರದ ಗಣಿ. ಆ ಗಣಿಯಲ್ಲಿ ಒಂದು ಕಂಪ್ಯೂಟರ್! ಎಪ್ಪತ್ತೆಂಟನೇ ಇಸವಿಯ ಮಾತು ಸ್ವಾಮಿ. ಮೂರು ಬೀರು ಒಟ್ಟಿಗೆ ನಿಲ್ಲಿಸಿದಷ್ಟು ದೊಡ್ಡ ಮೆಷಿನ್. ಗಣಿಯೊಳಗೆ ಗುಡ್ಡವನ್ನು ಹೊತ್ತುಕೊಂಡಿರಲಿ ಎಂದು ಬಂಡೆಯ ಕಂಬಗಳನ್ನು ಬಿಟ್ಟಿರುತ್ತಾರೆ. ಕಂಬದಲ್ಲೂ ತಾಮ್ರವಿರುತ್ತದೆ, ಅದಕ್ಕೇ ಆಸೆ. ಯಾವ ಕಂಬ ಒಡೆಯಬಹುದು, ಯಾವುದನ್ನು ಮುಟ್ಟಬಾರದು... ಈ ಲೆಕ್ಕ ಮೆಷಿನ್ನಿನದು. ಲೆಕ್ಕ ಬರೆದಿದ್ದು ಫೋರ್ಟ್ರಾನ್ ಎಂಬ ಭಾಷೆಯ ಹಳೇ ವರ್ಷನ್ನಿನಲ್ಲಿ. ಬರೆದ ಎಂಜಿನಿಯರ್ ರಿಟೈರಾಗಿ ಹೋದರು. ಅವರ ಕೈಕೆಳಗೆ ವೈರ್ ಬೆಸೆಯುತ್ತಿದ್ದ ನಾನು ಉಳಿದೆ.

ಮೆಷಿನ್ನಿಗೆ ಒಬ್ಬ ಯಜಮಾನ ಇರುತ್ತಾನೆ. ಮಾನಿಟರ್ ಎನ್ನುತ್ತಾರೆ. ಅದೂ ಟೇಪಿನಲ್ಲೇ ಬರುವ ಪ್ರೋಗ್ರಾಂ. ಟೇಪ್ ಯಾವಾಗ ಓದಬೇಕು, ಟೈಪ್ ಯಾವಾಗ ಹೊಡೆಯಬೇಕು, ಎಲ್ಲ ಅದರದೇ ಅಪ್ಪಣೆ. ಎರಡು ವರ್ಷಕ್ಕೊಮ್ಮೆ ಏಜೆನ್ಸಿಯವರು ಬಂದು ಹಳೇ ಯಜಮಾನನನ್ನು ಇಳಿಸಿ ಹೊಸಬನನ್ನು ಕೂರಿಸುತ್ತಾರೆ. ಹೊಸಬ ಬಂದವನೇ ಮನೆಯ ಬಾಗಿಲೆಲ್ಲ ಬೇರೆ ಕಡೆ ಇಡುತ್ತಾನೆ. ಹಳೇ ಭಾಷೆ ಪಾಪ, ರೂಢಿಯ ಮೇಲೆ ಬಂದು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತದೆ. ಆಗ ನಾನು ಹೋಗಿ ಹಳೇ ಜಾಗದಲ್ಲೊಂದು ಕಿಂಡಿ ಕೊರೆದು ಬರುತ್ತೇನೆ. ಇಪ್ಪತ್ತಮೂರು ಸಾಲಿನ ತೇಪೆ. ಅದಕ್ಕೇ ಗಣಿಯಲ್ಲಿ ನನ್ನ ಹೆಸರು ತೇಪೆ ಚಿತ್ತಯ್ಯ.

ಆವತ್ತು ಬೆಳಗ್ಗೆ ಹತ್ತಕ್ಕೆ ಅಂಗಡಿಗೆ ಟ್ರಂಕ್ ಕಾಲ್ ಬಂತು. ಗಣಿಯ ಮೆಷಿನ್ ಆಪರೇಟರ್ ಯತ್ತಪ್ಪ. ಪಿಸಪಿಸ ಮಾತು.

"ಚಿತ್ತಣ್ಣ, ಇವತ್ತು ನಾಕು ಗಂಟೆಗೆ ಒಂಬತ್ತನೇ ಕಂಬ ಒಡೀತಾರಂತೆ."

"ಏನೋ! ಹೊರಲಾರದಷ್ಟು ಹೊತ್ತೈತೆ, ಮುಟ್ಟಬ್ಯಾಡ್ರಿ ಅಂತ ಹೋದ ವರ್ಷದ ಲೆಕ್ಕ ಹೇಳಿತ್ತಲ್ಲೋ!"

"ಹೊಸ ಮಾನಿಟರ್ ಬಂತಲ್ಲ, ಹಳೇ ಭಾಷೆ ಓಡ್ತಿಲ್ಲ. ಆ ಸಫಾರಿ ಲೆಕ್ಕಾನೆಲ್ಲ ಹೊಸ ಫೋರ್ಟ್ರಾನಿಗೆ ಬರೆದವ್ನೆ. ಒಂಬತ್ತನೇದರ ಮೇಲೆ ಭಾರ ಸೊನ್ನೆ ಅಂತ ಬಂದೈತೆ."

"ಸೊನ್ನೆ?"

"ಸೊನ್ನೆ! ಬರೀ ಶೋಕಿಗೆ ನಿಂತೈತಂತೆ ಕಂಬ. ಮ್ಯಾನೇಜರ್ರು ಸೈನ್ ಮಾಡಿಬಿಟ್ರು. ಮೆಷಿನ್ ಹೇಳಿದ ಮೇಲೆ ಮುಗೀತಲ್ಲ..."

ಆ ಕಂಬದ ನೆತ್ತಿಯ ಮೇಲೆ, ಗುಡ್ಡದ ಇಳಿಜಾರಿನಲ್ಲಿ, ಒಂದು ಗೊಲ್ಲರ ಹಟ್ಟಿ. ಮೂವತ್ತು ಗುಡಿಸಲು. ನನ್ನಕ್ಕ ಜುಂಜಮ್ಮನನ್ನು ಕೊಟ್ಟ ಹಟ್ಟಿ ಅದು.

ಸೊನ್ನೆ ಯಾಕೆ ಬಂತೋ ನನಗೂ ತಿಳಿಯಲಿಲ್ಲ. ಹಳೇ ಭಾಷೆಯನ್ನು ಅದೇ ಮೆಷಿನ್ ಮೇಲೆ ಓಡಿಸಿ ನೋಡದೆ ತಿಳಿಯುವಂತೆಯೂ ಇರಲಿಲ್ಲ. ಸಫಾರಿಗೆ ಬೇಡವಾಗಿದ್ದದ್ದೇ ಅದು. ಹಳೇದು ಸತ್ತರೆ ಕಂಪನಿಯ ಇನ್ನೂ ಆರು ಗಣಿಗಳಿಗೂ ಅವನ ಮೆಷಿನ್ ಆರ್ಡರ್. ಹಳೇದು ಓಡಿತೋ, ಅವನು ಬಂದ ದಾರಿಗೆ ಸುಂಕವಿಲ್ಲ! ಯತ್ತಪ್ಪನ ಮಾತನ್ನು ಪಕ್ಕದ ರೂಮಿನ ಫೋನಿನಲ್ಲಿ ಅವನು ಕೇಳಿಸಿಕೊಂಡಿದ್ದ. ಹೊಳಲ್ಕೆರೆ ರಸ್ತೆಯಲ್ಲೇ ನನ್ನನ್ನು ಅಟ್ಟಿಸಿಕೊಂಡು ಬಂದ. ನಾನು ಚಂದ್ರವಳ್ಳಿಗೆ ನುಗ್ಗಿದೆ. ಮುಂದಿನದು ನಿಮಗೆ ಗೊತ್ತು.

ಜಾವಾ ಒದ್ದೆ. ಹಿಡಿಯಿತು!

ದುರ್ಗದ ಊರು ದಾಟಿ ಹಿರೇಗುಂಟನೂರು ರಸ್ತೆಗೆ ಬೈಕ್ ತಿರುಗಿಸಿದೆ. ಪೆಟ್ರೋಲ್ ಬಂಕಿನಲ್ಲಿ ಒಂದು ಜೀಪು ನಿಂತಿತ್ತು. ಪಕ್ಕದಲ್ಲಿ ಮೀಸೆ! ಬೀರಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಸತ್ತವನು ಎದ್ದು ಬಂದಂತೆ ನೋಡಿದ.

"ಸಾರ್! ಚಿತ್ತಯ್ಯ!"

ಜೀಪು ಹಿಂದೆ ಬಿತ್ತು. ಐವತ್ತು ಮಾರು... ಮೂವತ್ತು ಮಾರು... ಹಾರ್ನ್ ಬೆನ್ನಿಗೇ ಹೊಡೆಯುತ್ತಿತ್ತು. ಬಂಪರ್ ನನ್ನ ಹಿಂದಿನ ಮಡ್‌ಗಾರ್ಡಿಗೆ ತಾಗಿತು. ಬೈಕ್ ಓಲಾಡಿತು. ಬದಿಗೆ ಕಳ್ಳಿಬೇಲಿ. ಬೇಲಿಯ ನಡುವೆ ಒಂದು ಸಂದು.

ಕುರಿ ಜಾಡು!

ಚಿಕ್ಕಂದಿನಲ್ಲಿ ಅಪ್ಪನ ಮಂದೆ ಹೊಡೆದುಕೊಂಡು ಓಡಾಡಿದ ಜಾಡು. ಎರಡು ಕುರಿ ಅಗಲ. ನುಗ್ಗಿಸಿದೆ. ಹಿಂದೆ ಬ್ರೇಕು ಕಿರುಚಿತು, ಆಮೇಲೆ ಬೀರಪ್ಪನ ಬೈಗುಳ. ನಮ್ಮ ತಾಯಿಯವರೆಗೆ ಹೋದ. ನನಗೆ ಉತ್ತರ ಕೊಡಲು ಪುರಸೊತ್ತಿರಲಿಲ್ಲ.

ಹಟ್ಟಿ ಮುಟ್ಟಿದಾಗ ಎರಡೂವರೆ.

ಅಕ್ಕ ಬೇಲಿಯ ಹತ್ತಿರ ಆಗತಾನೇ ಹುಟ್ಟಿದ ಮರಿಯ ಮೈ ಒರೆಸುತ್ತಿದ್ದಳು. ನನ್ನ ಹರಿದ ಅಂಗಿ ನೋಡಿದಳು.

"ಏನಪ್ಪ, ಯಾರ ಕೈಲಿ ಬಡಿಸ್ಕಂಡು ಬಂದೆ?"

"ಆಮ್ಯಾಕೆ ಹೇಳ್ತೀನಕ್ಕ. ಟೇಪು ಕೊಡು."

ಅವಳ ಮುಖ ಗಂಭೀರವಾಯಿತು.

ಈ ಟೇಪಿನ ಕತೆ ನಿಮಗೆ ಹೇಳಬೇಕು. ಹಳೇ ಫೋರ್ಟ್ರಾನಿನ ಅಸಲು ಟೇಪನ್ನು ನಮ್ಮ ಎಂಜಿನಿಯರು ಹೋಗುವಾಗ ನನ್ನ ಕೈಗೆ ಕೊಟ್ಟರು. ಮೆಷಿನ್ ರೂಮಿನಲ್ಲಿ ಇಲಿ ಕಾಟ. ಅಕ್ಕನಿಗೆ ಕೊಟ್ಟೆ. ತಮ್ಮನಿಗೆ ಅನ್ನದ ದಾರಿ ತೋರಿಸಿದ ಟೇಪು ಎಂದು ಅವಳು ಅದನ್ನು ದೇವರಿಗೇ ಬಿಟ್ಟಳು. ನೆಲುವಿನಲ್ಲಿ ದೇವರ ಪೆಟ್ಟಿಗೆಯ ಪಕ್ಕ ತೂಗಿಬಿಟ್ಟಳು. ನಮ್ಮ ಮನೆತನದಲ್ಲಿ ಮಂದೆಯ ಕುರಿಗೆಲ್ಲ ಕಿವಿ ಕತ್ತರಿಸಿ ಗುರುತು ಹಾಕುತ್ತಾರೆ. ಆದರೆ ದೇವರಿಗೆ ಬಿಟ್ಟ ಕುರಿಗೆ ಕತ್ತರಿ ಸೋಕಿಸುವಂತಿಲ್ಲ. ಹಾಗಾಗಿ ಆ ಟೇಪಿಗೂ ಗುರುತಿಲ್ಲ.

ಸಫಾರಿ ನಮ್ಮ ಗುರುತು ವಿಚಾರಿಸಿಕೊಂಡಿದ್ದ. ಪದ್ಧತಿ ವಿಚಾರಿಸಿರಲಿಲ್ಲ!

"ದೇವರದು ಹೊರಗೆ ಕೊಡಾಕೆ ಬರಂಗಿಲ್ಲ," ಎಂದಳು ಅಕ್ಕ.

"ನಾಕು ಗಂಟೆಗೆ ಕೆಳಗಿನ ಕಂಬ ಒಡೀತಾರಕ್ಕ. ಹಟ್ಟಿ ಒಳಗೆ ಹೋಗ್ತೈತೆ. ದೇವರೂ ಹೋಗ್ತಾನೆ. ನಾನು ನಿಲ್ಲಿಸ್ತೀನಿ. ನಿಲ್ಲಿಸಾಕೆ ಅದೇ ಬೇಕು."

ಅಕ್ಕ ಕೈಕಾಲು ತೊಳೆದುಕೊಂಡು ಒಳಗೆ ಹೋದಳು. ಕಂಬಳಿ ತುಂಡಿನಲ್ಲಿ ಸುತ್ತಿದ ಸುರುಳಿ ತಂದು ಕೈಗಿಟ್ಟಳು.

"ನೀನು ಎಲ್ಲರನ್ನೂ ಹೊರಗೆ ಕರ್ಕಂಡು ಹೋಗು," ಎಂದೆ.

"ಕುರಿ?"

"ಕುರೀನೂ!"

ಗುಡಿಸಲಿನಿಂದ ಅಕ್ಕನ ಅತ್ತೆ ಹುಚ್ಚಕ್ಕನ ದನಿ ಬಂತು. ಎಂಬತ್ತು ದಾಟಿದ ಮುದುಕಿ. ನಡೆಯಲಾರಳು, ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ನಾನು ಎಲ್ಲಿಗೂ ಬರಾಕಿಲ್ಲ! ಈ ಗುಡ್ಡ ನನಗಿಂತ ಹಳೇದು. ನಾನೇ ಬಿದ್ದಿಲ್ಲ, ಅದ್ಯಾಕೆ ಬೀಳ್ತೈತೆ?"

"ಈಕೀನ ಹೊತ್ಕಂಡು ಹೋಗೋ ಗಂಡಸ್ರು ಎಲ್ಲ ಮೇವು ತರಾಕೆ ಹೋಗವ್ರೆ," ಎಂದಳು ಅಕ್ಕ. "ನೀನೇ ನಿಲ್ಲಿಸ್ಬೇಕು ಚಿತ್ತಯ್ಯ. ಅತ್ತೇನ ಬಿಟ್ಟು ನಾನು ದೂರ ಹೋಗಲ್ಲ."

ನನಗೆ ಭಯವಾಯಿತು. ಸುಳ್ಳು ಯಾಕೆ ಹೇಳಲಿ? ಗುಹೆಯಲ್ಲಿ ಮಚ್ಚು ಕಂಡಾಗ ಆಗದ ಭಯ ಆಗ ಆಯಿತು.

ಗಣಿಗೆ ಬಂದೆ. ಮೆಷಿನ್ ರೂಮಿನ ಬಾಗಿಲಲ್ಲಿ ವಾಚ್‌ಮನ್. ನನ್ನನ್ನು ಬಿಡಬಾರದೆಂದು ಅವನಿಗೆ ಆರ್ಡರ್ ಆಗಿತ್ತು. ಹಿಂದೆ ಹೋದೆ. ಅಲ್ಲಿ ಕಾಯುತ್ತಿದ್ದ ಯತ್ತಪ್ಪ ಕಿಟಕಿಯ ಕೂಲರ್ ಎಳೆದು ಪಕ್ಕಕ್ಕಿಟ್ಟ. ತಲೆ ಮೊದಲು ಮಾಡಿ ಒಳಗೆ ಬಿದ್ದೆ.

ಬಿದ್ದದ್ದು ಎರಡು ಜೊತೆ ಬೂಟುಗಳ ಮುಂದೆ.

ಒಂದು ಜೊತೆ ಸಫಾರಿಯದು. ರಸ್ತೆಯಲ್ಲಿ ಬಂದು ನನಗಿಂತ ಮೊದಲೇ ಮುಟ್ಟಿದ್ದ. ಇನ್ನೊಂದು ಮ್ಯಾನೇಜರ್ ತಿಪ್ಪೇರುದ್ರಪ್ಪನವರದು. ಕೆಟ್ಟವರಲ್ಲ. ಆದರೆ ಕಾಗದದಲ್ಲಿ ಅಚ್ಚಾಗಿದ್ದರೆ ಸೂರ್ಯ ಪಶ್ಚಿಮಕ್ಕೆ ಹುಟ್ಟುತ್ತಾನೆ ಎಂದರೂ ನಂಬುವವರು.

"ಏನ್ರಿ ಇದು ಚಿತ್ತಯ್ಯ, ಕಿಟಕೀಲಿ?"

"ಅರ್ಧ ಗಂಟೆ ಕೊಡ್ರಿ ಸಾರ್. ಒಂಬತ್ತನೇ ಕಂಬದ ಲೆಕ್ಕ ಹಳೇ ಭಾಷೇಲಿ ಓಡಿಸ್ತೀನಿ."

ಸಫಾರಿ ನಕ್ಕ.

"ಯಾವ ಹಳೇ ಭಾಷೆ ಸಾರ್? ಅವನ ಟೇಪು ಸುಟ್ಟು ಬೂದಿಯಾಗಿದೆ!"

"ಸುಟ್ಟಿದೆ ಅಂತ ನಿಮಗೆ ಹೆಂಗೆ ಗೊತ್ತು?" ಎಂದರು ಮ್ಯಾನೇಜರ್.

ಸಫಾರಿ ಕೂಲಿಂಗ್ ಗ್ಲಾಸ್ ತೆಗೆದ. ಮೊದಲ ಸಲ ಅವನ ಕಣ್ಣು ನೋಡಿದೆ. ನೋಡುವಂಥದ್ದೇನೂ ಇರಲಿಲ್ಲ. ನಾನು ಕಂಬಳಿ ಬಿಚ್ಚಿದೆ. ಅವನು ಸುರುಳಿಯ ತುದಿ ನೋಡಿದ. ಓರೆಯಿಲ್ಲ, ಕಚ್ಚಿಲ್ಲ.

"ಅರ್ಧ ಗಂಟೆ," ಎಂದರು ಮ್ಯಾನೇಜರ್. "ಒಂದು ನಿಮಿಷ ಜಾಸ್ತಿ ಇಲ್ಲ."

ಮೂರು ಹದಿನೈದು.

ಮೊದಲು ತೇಪೆ. ಮೆಷಿನ್ನಿನ ಮುಂದೆ ಸಾಲಾಗಿ ಸ್ವಿಚ್ಚುಗಳು. ಒಂದೊಂದು ಸಾಲನ್ನೂ ಕೈಯಲ್ಲೇ ಒತ್ತಬೇಕು. ಹೊಸ ಯಜಮಾನ ಯಾವ ಬಾಗಿಲು ಎಲ್ಲಿಟ್ಟಿದ್ದಾನೆ ಎಂದು ಒಂದು ವಾರ ಅಂಗಡಿಯಲ್ಲಿ ಕೂತು ಪತ್ತೆ ಮಾಡಿದ್ದೆ. ಇಪ್ಪತ್ತಮೂರೂ ಸಾಲು ಬಾಯಿಪಾಠ. ಹದಿನೇಳನೆಯದರಲ್ಲಿ ಬೆರಳು ಜಾರಿ ತಪ್ಪು ಸ್ವಿಚ್ ಒತ್ತಿದೆ. ಲೈಟೆಲ್ಲ ಆರಿತು. ಮತ್ತೆ ಒಂದರಿಂದ!

ಮೂರು ಮೂವತ್ತು. ಟೇಪು ಹಾಕಿದೆ. ರೀಡರ್ ಗರಗರ ಎಂದು ನುಂಗತೊಡಗಿತು. ಹಳೇ ಭಾಷೆ ಹಳೇ ಜಾಗಕ್ಕೆ ಬಂತು... ಕಿಂಡಿ ಸಿಕ್ಕಿತು... ಒಳಗೆ ಹೋಯಿತು!

ಟೈಪ್‌ರೈಟರ್ ತಾನೇ ಟಪಟಪ ಹೊಡೆಯಿತು. ರೆಡಿ.

"ಬದುಕೈತೆ!" ಎಂದ ಯತ್ತಪ್ಪ. ಕೂಡಲೇ ಕಂಬಗಳ ಲೆಕ್ಕಕ್ಕೆ ಈ ವರ್ಷದ ಅಳತೆ ಹಾಕಿದ.

ಒಂದನೇ ಕಂಬ. ಎರಡನೆಯದು. ಮೂರು... ಒಂದೊಂದರ ಭಾರವೂ ಕಾಗದದ ಮೇಲೆ ಬಂತು. ಏಳು, ಎಂಟನ್ನು ಹಿಂದೆಯೇ ಒಡೆದಾಗಿತ್ತು, ಅಲ್ಲಿ ಖಾಲಿ. ಒಂಬತ್ತು...

ಮೆಷಿನ್ ನಿಂತುಬಿಟ್ಟಿತು.

ಅಚ್ಚು ಇಲ್ಲ. ಸದ್ದು ಇಲ್ಲ. ಒಂದು ಕೆಂಪು ದೀಪ ಮಾತ್ರ.

ಸಫಾರಿ ಕೈ ತಟ್ಟಿದ. "ನೋಡಿದ್ರಾ ಸಾರ್! ಹ್ಯಾಂಗ್ ಆಯ್ತು! ಹಳೇ ಗಾಡಿ. ನನ್ನ ಪ್ರೋಗ್ರಾಂ ಒಂದು ಸಲಾನಾದ್ರೂ ನಿಂತಿದ್ಯಾ?"

ಮ್ಯಾನೇಜರ್ ಮುಖ ಬಾಡಿತು. ಗಡಿಯಾರ ನೋಡಿದರು. ಮೂರು ನಲವತ್ತನಾಲ್ಕು.

ಒಂದು ಸಲಾನಾದ್ರೂ ನಿಂತಿದ್ಯಾ... ಆ ಮಾತು ನನ್ನ ತಲೆಯೊಳಗೆ ಕೂತಿತು. ಸರಕ್ಕನೆ ಅರ್ಥವಾಯಿತು! ನಮ್ಮ ಎಂಜಿನಿಯರು ಹೇಳುತ್ತಿದ್ದರು. ಲೆಕ್ಕ ಮೆಷಿನ್ನಿಗೆ ಹಿಡಿಸದಷ್ಟು ದೊಡ್ಡದಾದರೆ ಹಳೇ ಭಾಷೆ ನಿಂತುಬಿಡುತ್ತದೆ. ಗೊತ್ತಿಲ್ಲ ಎನ್ನುತ್ತದೆ. ಹೊಸದು?

"ಸಾರ್, ಇವರ ಪ್ರೋಗ್ರಾಂ ಒಂದು ಸಲ ಓಡಿಸಾಣ. ಒಂದೇ ಒಂದು ಅಂಕಿ ಬದಲಾಯಿಸಿ."

"ಯಾವುದು?"

"ಒಂಬತ್ತನೇ ಕಂಬದ ಮೇಲೆ ದುರ್ಗದ ಕೋಟೆ ಎತ್ತಿ ಇಡ್ರಿ."

"ಏನು?"

"ಏಳು ಸುತ್ತೂ ಇಡ್ರಿ ಸಾರ್! ಬುರುಜು, ಬತೇರಿ, ಕಲ್ಲು ಒಂದೂ ಬಿಡಬ್ಯಾಡ್ರಿ."

"ನಾನ್‌ಸೆನ್ಸ್!" ಸಫಾರಿ ಸ್ವಿಚ್ಚಿಗೆ ಕೈ ಹಾಕಿದ. ಯತ್ತಪ್ಪ ಆ ಕೈಯನ್ನು ಹಿಡಿದುಕೊಂಡ. ಮೆದು ಮನುಷ್ಯ ಯತ್ತಪ್ಪ. ಆದರೆ ದಿನಾ ಟೇಪಿನ ಪೆಟ್ಟಿಗೆ ಹೊರುವ ಕೈ.

ಮ್ಯಾನೇಜರ್ ತಾವೇ ಕೂತು ಅಂಕಿ ಒತ್ತಿದರು. ಕೋಟೆಯ ತೂಕಕ್ಕೆ ಸೊನ್ನೆಯ ಮೇಲೆ ಸೊನ್ನೆ. ಹೊಸ ಪ್ರೋಗ್ರಾಂ ಓಡಿತು. ನಿಲ್ಲಲಿಲ್ಲ. ಟಪಟಪ ಎಂದು ಒಂದು ಸಾಲು ಬಂತು.

ಕಂಬ ಒಂಬತ್ತು. ಭಾರ ಸೊನ್ನೆ.

ಮ್ಯಾನೇಜರ್ ಆ ಸಾಲನ್ನು ಎರಡು ಸಲ ಓದಿದರು.

"ಲೆಕ್ಕ ಕೈಮೀರಿದರೆ ಹಳೇದು ನಿಲ್ತೈತೆ ಸಾರ್," ಎಂದೆ. "ಇವರದು ಸೊನ್ನೆ ಹಾಕಿ ಮುಂದಕ್ಕೆ ಹೋಗ್ತೈತೆ."

ತಿಪ್ಪೇರುದ್ರಪ್ಪನವರು ಫೋನಿಗೆ ಹಾರಿದರು. ಮೂರು ಐವತ್ತಾರು.

"ಹಲೋ... ಪಿಟ್? ಹಲೋ! ಒಂಬತ್ತು ಮುಟ್ಟಬ್ಯಾಡ್ರಿ! ಮದ್ದು ತೆಗೀರಿ! ನಾನು ಹೇಳ್ತಿರೋದು, ತೆಗೀರಿ!"

ರಿಸೀವರ್ ಇಟ್ಟು ಕುರ್ಚಿಯಲ್ಲಿ ಕುಸಿದರು. ನಾವೆಲ್ಲ ಗೋಡೆ ಗಡಿಯಾರ ನೋಡುತ್ತ ನಿಂತೆವು. ನಾಲ್ಕಾಯಿತು. ನಾಲ್ಕೂ ಒಂದು... ನಾಲ್ಕೂ ಎರಡು... ನೆಲ ಅಲುಗಲಿಲ್ಲ.

ತಿರುಗಿ ನೋಡಿದರೆ ಸಫಾರಿ ಇಲ್ಲ!

ಹೊರಗೆ ಜೀಪು ಗುರ್ ಎಂದಿತು. ನಾನು ಜಾವಾ ಹತ್ತಿದೆ. ಇಳಿಜಾರಿನ ರಸ್ತೆ. ಜೀಪು ತಿರುವಿನಲ್ಲಿ ಮರೆಯಾಯಿತು. ತಪ್ಪಿಸಿಕೊಂಡ ಎಂದುಕೊಂಡು ತಿರುವು ದಾಟಿದೆ.

ಜೀಪು ನಿಂತಿತ್ತು. ಹಿಂದೆ ಕುರಿ, ಮುಂದೆ ಕುರಿ, ಎರಡೂ ಪಕ್ಕ ಕುರಿ. ಅಕ್ಕ ಇಡೀ ಹಟ್ಟಿಯ ಮಂದೆಯನ್ನು ರಸ್ತೆಗೆ ತುಂಬಿಬಿಟ್ಟಿದ್ದಳು! ಬೀರಪ್ಪ ಹಾರ್ನ್ ಹೊಡೆದಷ್ಟೂ ಅವು ಇನ್ನಷ್ಟು ಒತ್ತಿಕೊಂಡು ನಿಂತವು. ಹಟ್ಟಿಯ ಹೆಂಗಸರು ಕೋಲು ಹಿಡಿದು ನಗುತ್ತಿದ್ದರು. ರಸ್ತೆ ಬದಿಗೆ, ನಾಲ್ಕು ಹೆಂಗಸರು ಕಂಬಳಿಯಲ್ಲಿ ಹೊತ್ತು ತಂದಿದ್ದ ಹುಚ್ಚಕ್ಕ ಕೂತಿದ್ದಳು.

"ಬೀಳ್ಲಿಲ್ಲ ಅಲ್ವಾ?" ಎಂದಳು ಮುದುಕಿ. "ನಾನು ಹೇಳ್ಲಿಲ್ವಾ?"

ಬೀರಪ್ಪ ಮಚ್ಚು ಕೆಳಗಿಟ್ಟು ಕೈಮುಗಿದ. "ಚಿತ್ತಣ್ಣ, ನಾನು ಬರೀ ಡ್ರೈವರ್ರು!"

"ನಿನ್ನ ರೇಡಿಯೋ ತಗಂಬಾ ಬೀರಪ್ಪ. ಮೊದಲು ಹೆಂಗಿತ್ತೋ ಹಂಗೇ ಮಾಡಿಕೊಡ್ತೀನಿ."

ಸಫಾರಿ ಜೀಪಿನೊಳಗೇ ಕೂತಿದ್ದ. ಪೊಲೀಸರಿಗೆ ಮ್ಯಾನೇಜರ್ ಫೋನ್ ಮಾಡಿಯಾಗಿತ್ತು. ಅವನಿಗೆ ಅದಕ್ಕಿಂತ ಬೇರೆಯೇ ಚಿಂತೆ.

"ಗುರುತು ಇತ್ತಲ್ಲ! ನಾನೇ ನೋಡಿದೆ. ಹಾಗಾದ್ರೆ ನಾನು ಸುಟ್ಟಿದ್ದು ಏನು?"

"ಬಾಗಿಲು ಎಲ್ಲೆಲ್ಲಿ ಅವೆ ಅಂತ ನೋಡಾಕೆ ಯತ್ತಪ್ಪ ಒಂದು ಕಾಪಿ ಕಳಿಸಿದ್ದ ಸಾರ್, ರೂಢಿ ಮೇಲೆ ಅದಕ್ಕೂ ಗುರುತು ಹಾಕಿದ್ದೆ. ನಿಮ್ಮ ಹೊಸ ಮಾನಿಟರ್. ಚೆನ್ನಾಗಿ ಉರೀತು!"

ಅಕ್ಕ ಬಂದು ಕೈ ಚಾಚಿದಳು. ದೇವರ ಟೇಪು ಕೊಟ್ಟೆ. ಕಂಬಳಿಯಲ್ಲಿ ಸುತ್ತಿಕೊಂಡಳು. ನಡೆದದ್ದನ್ನೆಲ್ಲ ಹೇಳಿದೆ. ಏಳನೇ ಕಂಬ, ಎಂಟನೇ ಕಂಬ, ಸೊನ್ನೆ, ಕೋಟೆ... ಎಲ್ಲ ಕೇಳಿದಳು. ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿದಳು.

"ಅಲ್ಲಲೇ, ಪಕ್ಕದ ಎರಡು ಕಂಬ ಕಿತ್ರೆ ಮೂರನೇದಕ್ಕೆ ಭಾರ ಜಾಸ್ತಿ ಆಗ್ತೈತೆ. ಇಷ್ಟು ತಿಳ್ಕಣಾಕೆ ಅಷ್ಟು ದೊಡ್ಡ ಮೆಷಿನ್ ಬೇಕಾ?"

"ತಿಳ್ಕಣಾಕೆ ಬ್ಯಾಡಕ್ಕ. ತಿಳೀದೇ ಇರಾಕೆ ಬೇಕು."